ಇಂಜಿನ್ನಿನ ಗಾಳಿದಾರಿಯಲ್ಲಿ ಮಸಿ: ಕಬ್ಬಿನ ಹಂಗಾಮಿಗೆ ಮುಂಚೆಯೇ ತೆಗೆಯಿರಿ

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಭಾಗದಲ್ಲಿ ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಟ್ರ್ಯಾಕ್ಟರುಗಳಿಗೆ ಹಗಲು ರಾತ್ರಿ ಎಂಬ ಭೇದವಿರುವುದಿಲ್ಲ. ಎರಡು ಟ್ರೇಲರ್ ಕಟ್ಟಿಕೊಂಡು ಎರೆಹೊಲದ ಹುದುಲಿನಿಂದ ಹೊರಬರಬೇಕು. ಹುಡಿ ಹಾರುವ ರಸ್ತೆಯಲ್ಲಿ ಸಾಗಬೇಕು. ಕಾರ್ಖಾನೆಯ ಅಂಗಳದಲ್ಲಿ ಪಾಳಿ ಬರುವವರೆಗೆ ತಾಸುಗಟ್ಟಲೆ ನಿಲ್ಲಬೇಕು. ಹಂಗಾಮಿನ ನಡುವೆ ಒಂದು ದಿನ ಇಂಜಿನ್ ಕೈಕೊಟ್ಟರೆ ಕಡಿದ ಕಬ್ಬು ಹೊಲದಲ್ಲೇ ಒಣಗಿ ತೂಕ ಕಳೆದುಕೊಳ್ಳುತ್ತದೆ, ಕಡಿಯುವವರ ಗುಂಪು ಸುಮ್ಮನೆ ಕೂಡುತ್ತದೆ. "ಈ ವರ್ಷ ಗಾಡಿ ಜಗ್ಗವಲ್ದು, ಕರೀ ಹೊಗಿ ಭಾಳ ಬಿಡಾಕತೈತಿ" ಎಂಬ ದೂರು ಬಂದಾಗ ಬಹಳ ಜನ ನೇರವಾಗಿ ಡೀಸೆಲ್ ಪಂಪು, ಇಂಜೆಕ್ಟರುಗಳ ಕಡೆಗೆ ಕೈ ಹಾಕುತ್ತಾರೆ. ಅವು ದುಬಾರಿ ಭಾಗಗಳು. ಅದಕ್ಕೂ ಮೊದಲು ಗಾಳಿ ಒಳಹೋಗುವ ದಾರಿಯನ್ನು ನೋಡುವುದು ಲೇಸು.

ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಕಡಿಮೆಯೆಂದರೂ 10 ಸಾವಿರ ಲೀಟರ್ ಗಾಳಿ ಬೇಕು. ಎರಡೂವರೆ ಲೀಟರ್ ಗಾತ್ರದ ಇಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುವಾಗ ಪ್ರತಿ ನಿಮಿಷ 2,000 ಲೀಟರಿಗೂ ಹೆಚ್ಚು ಗಾಳಿ ಎಳೆದುಕೊಳ್ಳುತ್ತದೆ. ಈ ಗಾಳಿ ಶೋಧಕದಿಂದ ಹೊರಟು ರಬ್ಬರ್ ಕೊಳವೆಯ ಮೂಲಕ, ಫಿಟ್ಟರುಗಳು ಮ್ಯಾನಿಫೋಲ್ಡ್ ಎನ್ನುವ ಎರಕದ ಕೊಳವೆಗೆ ಬಂದು, ಅಲ್ಲಿಂದ ವಾಲ್ವ್ ದಾಟಿ ಸಿಲಿಂಡರಿಗೆ ಇಳಿಯುತ್ತದೆ. ಈ ದಾರಿಯ ಒಳಗೋಡೆಗೆ ಮಸಿ ಅಂಟುತ್ತ ಹೋದರೆ ಬಾಯಿ ಕಿರಿದಾಗುತ್ತದೆ. ಗಾಳಿ ಸಾಲದೆ ಡೀಸೆಲ್ ಅರೆಬರೆ ಉರಿದು ಕರಿಹೊಗೆಯಾಗಿ ಹೋಗುತ್ತದೆ. ಅಂದರೆ ನೀವು ಕಾಸು ಕೊಟ್ಟು ತಂದ ಎಣ್ಣೆಯ ಒಂದು ಪಾಲು ಆಕಾಶಕ್ಕೆ.

ಉರಿಯುವುದು ಸಿಲಿಂಡರಿನೊಳಗೆ, ಹಾಗಿರುವಾಗ ಗಾಳಿದಾರಿಗೆ ಮಸಿ ಎಲ್ಲಿಂದ ಬಂತು? ಎಣ್ಣೆಯ ಪಸೆ ಇಲ್ಲದೆ ಮಸಿ ಗಟ್ಟಿಯಾಗಿ ಹಿಡಿಯುವುದಿಲ್ಲ. ಎಣ್ಣೆ ತುಂಬುವ ಗಾಳಿ ಶೋಧಕದಲ್ಲಿ ಗುರುತಿಗಿಂತ ಮೇಲೆ ಎಣ್ಣೆ ಹಾಕಿದರೆ ಅದು ಗಾಳಿಯೊಡನೆ ಒಳಗೆ ಸೆಳೆಯಲ್ಪಡುತ್ತದೆ. ಸವೆದ ವಾಲ್ವ್ ಗೈಡುಗಳಿಂದ ಎಣ್ಣೆ ಜಿನುಗುತ್ತದೆ. ಕೆಲವು ಇಂಜಿನ್ನುಗಳಲ್ಲಿ ತಳದ ಎಣ್ಣೆಯ ಹಬೆ ಹೊರಹೋಗುವ ನಳಿಕೆಯನ್ನು ಗಾಳಿದಾರಿಗೇ ಜೋಡಿಸಿರುತ್ತಾರೆ. ಈ ಪಸೆಗೆ ಹೊಲದ ಹುಡಿ, ಹೊಗೆಯ ಕಣ ಅಂಟಿ, ಬಿಸಿಗೆ ಬೆಂದು, ಡಾಂಬರಿನಂಥ ಕಿಟ್ಟವಾಗುತ್ತದೆ. ರವದಿಗೆ ಬೆಂಕಿ ಹಚ್ಚಿದ ಹೊಲದ ಪಕ್ಕದಲ್ಲಿ ದುಡಿಯುವ ಟ್ರ್ಯಾಕ್ಟರಿಗೂ ಆ ಕರಿಯ ಪಾಲು ಸಿಗುತ್ತದೆ.

ನದಿದಂಡೆಯ ಪಂಪುಗಳದು ಇನ್ನೊಂದು ಕಥೆ. ಕೃಷ್ಣೆಗೆ ಚಿಕ್ಕಪಡಸಲಗಿಯಲ್ಲಿ ರೈತರೇ ಹಣ, ಶ್ರಮ ಕೂಡಿಸಿ 1989ರಲ್ಲಿ ಬ್ಯಾರೇಜು ಕಟ್ಟಿದ ಸೀಮೆ ಇದು. ನೀರೆತ್ತುವ ವಿದ್ಯೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಈಗ ಬಹುಪಾಲು ವಿದ್ಯುತ್ ಪಂಪುಗಳೇ ಆದರೂ ಕರೆಂಟು ಇಲ್ಲದ ವೇಳೆಗೆಂದು ಇಟ್ಟುಕೊಂಡ ಡೀಸೆಲ್ ಇಂಜಿನ್ನು ಸಣ್ಣ ತಗಡಿನ ಕೋಣೆಯಲ್ಲಿರುತ್ತದೆ. ಹೊಗೆಕೊಳವೆಯ ಬಾಯಿ ಒಳಗೇ ಇದ್ದರೆ ಇಂಜಿನ್ ತಾನು ಬಿಟ್ಟ ಹೊಗೆಯನ್ನೇ ತಿರುಗಿ ಉಸಿರಾಡುತ್ತದೆ. ಕೊಳವೆಯನ್ನು ಛಾವಣಿಯ ಹೊರಗೆ ಒಯ್ದರೆ ಅರ್ಧ ರೋಗ ಅಲ್ಲಿಗೇ ಮುಗಿಯಿತು. ಮುಚ್ಚಿದ ಕೋಣೆಯ ಹೊಗೆ ಮನುಷ್ಯನ ಜೀವಕ್ಕೂ ಅಪಾಯಕಾರಿ. ಮಗ್ಗದ ಮನೆಗಳ ಜನರೇಟರಿಗೆ ಇದರ ಜೊತೆಗೆ ನೂಲಿನ ಎಳೆಯ ಕಾಟವೂ ಉಂಟು.

ಕಾರ್ಖಾನೆಯ ಸಾಲಿನಲ್ಲಿ ಇಂಜಿನ್ ಆರಿಸದೆ ನಿಲ್ಲುವ ರೂಢಿಯನ್ನೂ ಹೇಳಲೇಬೇಕು. ಹೊರೆ ಇಲ್ಲದೆ ನಿಧಾನ ತಿರುಗುವ ಇಂಜಿನ್ ಬೇಕಾದಷ್ಟು ಬಿಸಿಯಾಗುವುದಿಲ್ಲ, ಉರಿ ಅಪೂರ್ಣವಾಗುತ್ತದೆ, ಮಸಿ ಹೆಚ್ಚುತ್ತದೆ. "ಮತ್ತ ಚಾಲೂ ಆಗದಿದ್ದರ?" ಎಂಬ ಭಯಕ್ಕೆ ಮದ್ದು ಒಳ್ಳೆಯ ಬ್ಯಾಟರಿ, ರಾತ್ರಿಯಿಡೀ ಸುಡುವ ಡೀಸೆಲ್ ಅಲ್ಲ.

ಕರಿಹೊಗೆ ಕಂಡ ಕೂಡಲೇ ಮ್ಯಾನಿಫೋಲ್ಡ್ ಬಿಚ್ಚಬೇಡಿ. ಶೋಧಕವನ್ನು ತೊಳೆದು, ಕಾಗದದ್ದಾದರೆ ಹೊಸದು ಹಾಕಿ, ಅದೇ ಹೊರೆಯಲ್ಲಿ ಓಡಿಸಿ ನೋಡಿ. ಹೊಗೆ ಕಡಿಮೆಯಾದರೆ ಕೆಲಸ ಮುಗಿದಂತೆ. ಆಗದಿದ್ದರೆ ಶೋಧಕದ ಆಚೆಗಿನ ರಬ್ಬರ್ ಕೊಳವೆ ಬಿಚ್ಚಿ, ಬ್ಯಾಟರಿಯ ಬೆಳಕಿನಲ್ಲಿ ಮ್ಯಾನಿಫೋಲ್ಡಿನ ಬಾಯಿ ನೋಡಿ. ತೆಳುವಾದ ಕಪ್ಪು ಸಹಜ. ಉಗುರಿನಿಂದ ಕೆರೆದರೆ ಪದರಾಗಿ ಏಳುವಷ್ಟು ದಪ್ಪವಿದ್ದರೆ ಬಿಚ್ಚಲೇಬೇಕು. ಕೊಳವೆಯೊಳಗೆ ಒಣ ಮಣ್ಣು ಕಂಡರೆ ಮಾತ್ರ ಬೇರೆ ಸಂಗತಿ: ಎಲ್ಲೋ ಬಿರುಕು ಬಿಟ್ಟು ಶೋಧಿಸದ ಗಾಳಿ ನುಗ್ಗುತ್ತಿದೆ. ಅದು ಮಸಿಗಿಂತ ಬೇಗ ರಿಂಗು, ಲೈನರುಗಳನ್ನು ತಿನ್ನುತ್ತದೆ.

ಇಂಜಿನ್ ತಣ್ಣಗಿರುವಾಗ, ಬ್ಯಾಟರಿಯ ಋಣ ತಂತಿ ಕಳಚಿ ಕೆಲಸ ಆರಂಭಿಸಿರಿ. ಮೊದಲು ಹೊರಮೈ ತೊಳೆದು ಒರೆಸಬೇಕು. ಇಲ್ಲವಾದರೆ ಬಿಚ್ಚುವಾಗ ಹೊರಗಿನ ಮಣ್ಣೇ ಒಳಗೆ ಬೀಳುತ್ತದೆ. ಮ್ಯಾನಿಫೋಲ್ಡ್ ತೆಗೆದ ತಕ್ಷಣ ಹೆಡ್ಡಿನ ರಂಧ್ರಗಳಿಗೆ ಶುಭ್ರ ಬಟ್ಟೆ ತುರುಕಿ, ಎಷ್ಟು ತುಂಡು ಎಂದು ಎಣಿಸಿಡಿ. ಬಿಚ್ಚಿದ ಮ್ಯಾನಿಫೋಲ್ಡನ್ನು ರಾತ್ರಿಯೆಲ್ಲ ಸೀಮೆಎಣ್ಣೆ ಅಥವಾ ಡೀಸೆಲ್ಲಿನಲ್ಲಿ ನೆನೆಯಿಡಿ. ಪೆಟ್ರೋಲ್ ಬೇಡ, ಬೆಂಕಿಯ ಭಯ. ಅಲ್ಯೂಮಿನಿಯಂ ಎರಕವಿದ್ದರೆ ಕಾಸ್ಟಿಕ್ ಸೋಡಾ ಕೂಡದು, ಅದು ಲೋಹವನ್ನೇ ತಿನ್ನುತ್ತದೆ. ಬೆಳಿಗ್ಗೆ ಬಿದಿರಿನ ಚಕ್ಕೆ, ಹಿತ್ತಾಳೆ ಬ್ರಶ್ಶಿನಿಂದ ಉಜ್ಜಿ, ಸಾಬೂನು ನೀರಿನಿಂದ ತೊಳೆದು, ಗಾಳಿ ಊದಿ, ಪೂರ್ತಿ ಒಣಗಿಸಬೇಕು. ಹೆಡ್ಡಿನ ಒಳರಂಧ್ರ ಕೆರೆಯುವುದು ಅನುಭವಿ ಫಿಟ್ಟರಿನ ಕೆಲಸ. ಆ ಸಿಲಿಂಡರಿನ ವಾಲ್ವ್ ಮುಚ್ಚಿರುವಂತೆ ಇಂಜಿನ್ ತಿರುಗಿಸಿಟ್ಟುಕೊಂಡೇ ಅದನ್ನು ಮಾಡಬೇಕು, ಬಿದ್ದ ಚೂರನ್ನು ಗ್ರೀಸು ಹಚ್ಚಿದ ಬಟ್ಟೆಯಿಂದ ಎತ್ತಬೇಕು. ಜೋಡಿಸುವಾಗ ಬಟ್ಟೆಗಳ ಲೆಕ್ಕ ಸರಿಯಾಗಲಿ, ಪ್ಯಾಕಿಂಗ್ ಹೊಸದಿರಲಿ, ನಟ್ಟುಗಳನ್ನು ನಡುವಿನಿಂದ ಅಂಚಿಗೆ ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ.

ಬಿಚ್ಚುವ ಗೋಜಿಲ್ಲದೆ, ಓಡುತ್ತಿರುವ ಇಂಜಿನ್ನಿನ ಗಾಳಿಬಾಯಿಗೆ ಸೀಮೆಎಣ್ಣೆ, ಡೀಸೆಲ್ ಸುರಿದೋ ಸಿಂಪಡಿಸಿಯೋ "ಸ್ವಚ್ಛ ಮಾಡುವ" ಉಪಾಯವನ್ನು ಯಾರಾದರೂ ಹೇಳಿದರೆ ಕೇಳಬೇಡಿ. ಡೀಸೆಲ್ ಇಂಜಿನ್ನಿನ ವೇಗವನ್ನು ಹಿಡಿದಿಡುವುದು ಪಂಪಿನಿಂದ ಬರುವ ಎಣ್ಣೆಯ ಅಳತೆ. ಗಾಳಿಯೊಡನೆ ಉರಿಯುವ ಎಣ್ಣೆ ಹೋದರೆ ಅದು ಗವರ್ನರಿನ ಲೆಕ್ಕಕ್ಕೆ ಸಿಗುವುದಿಲ್ಲ. ಎಕ್ಸಲೇಟರ್ ಇಳಿಸಿದರೂ, ಡೀಸೆಲ್ ನಿಲ್ಲಿಸಿದರೂ ಇಂಜಿನ್ ಹುಚ್ಚೆದ್ದು ಓಡಿ ಚೂರಾಗಬಹುದು. ದ್ರವ ಹೆಚ್ಚಾದರೆ ಪಿಸ್ಟನ್ನಿನ ಮೇಲೆ ತುಂಬಿ ಕನೆಕ್ಟಿಂಗ್ ರಾಡು ಬಾಗುತ್ತದೆ. ಶೋಧಕಕ್ಕೆ ಮಿತಿಮೀರಿ ಎಣ್ಣೆ ಹಾಕಿದಾಗಲೂ ಇದೇ ಅನಾಹುತ ಸಂಭವ. ಹಾಗೆ ಹುಚ್ಚೆದ್ದ ಇಂಜಿನ್ನನ್ನು ನಿಲ್ಲಿಸುವ ದಾರಿ ಗಾಳಿ ಕಟ್ಟುವುದು: ದಪ್ಪ ಹಲಗೆಯನ್ನು ಗಾಳಿಬಾಯಿಗೆ ಒತ್ತಿ ಮುಚ್ಚಬೇಕು. ಕೈ ಅಥವಾ ಸಡಿಲ ಬಟ್ಟೆ ಎಂದಿಗೂ ಬೇಡ. ಹತ್ತಿರ ಹೋಗಲಾಗದಿದ್ದರೆ ಎಲ್ಲರೂ ದೂರ ಸರಿಯಿರಿ. ಇಂಜಿನ್ ಹೋದರೆ ಹೋಗಲಿ.

ಶೋಧಕದ ಎಣ್ಣೆಯನ್ನು ಹಂಗಾಮಿನಲ್ಲಿ ದಿನವೂ ನೋಡಿ. ತಳದಲ್ಲಿ ಕೆಸರು ಕಟ್ಟಿದರೆ ತಾಸಿನ ಲೆಕ್ಕಕ್ಕೆ ಕಾಯದೆ ಬದಲಿಸಿ, ಗುರುತಿನವರೆಗೆ ಮಾತ್ರ ತುಂಬಿ. ಕಾಗದದ ಶೋಧಕವನ್ನು ಮಡ್‌ಗಾರ್ಡಿಗೆ ಬಡಿಯುವುದು ಬಹುಕಡೆ ಕಾಣುವ ದೃಶ್ಯ. ಅದರಿಂದ ಅಂಚು ಸೊಟ್ಟಾಗಿ ಹುಡಿ ನುಸುಳುತ್ತದೆ. ಒಳಗಿನಿಂದ ಹೊರಕ್ಕೆ ಮೆಲ್ಲಗೆ ಗಾಳಿ ಊದಿರಿ, ಸೀಮೆಎಣ್ಣೆಯಲ್ಲಿ ತೊಳೆಯಬೇಡಿ.

50 ಅಶ್ವಶಕ್ತಿ ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಬಿಗಿಯಾದ ಹೊಗೆ ನಿಯಮ ಬಂದಿದೆ. ಅವುಗಳಲ್ಲಿ ಕೆಲವಕ್ಕೆ ಹೊಗೆಯ ಒಂದಂಶವನ್ನು ತಂಪು ಮಾಡಿ ಗಾಳಿದಾರಿಗೇ ಮರಳಿಸುವ ಇಜಿಆರ್ ವಾಲ್ವ್ ಇರುತ್ತದೆ. ಇಲ್ಲಿ ಮಸಿ ಕಟ್ಟುವುದು ರಚನೆಯಲ್ಲೇ ಬಂದ ಸ್ವಭಾವ. ಸಂವೇದಕಗಳ ತಂತಿ ಇರುವುದರಿಂದ ಮನೆಯಲ್ಲಿ ಕೆರೆಯದೆ ಕಂಪನಿಯ ಕಾರ್ಯಾಗಾರದಲ್ಲಿ ಮಾಡಿಸಿ.

ಹಳೆಯ ಇಂಜಿನ್ನಿಗೆ ಮಳೆಗಾಲ ಹಿಂದಾಗಿ, ಕಬ್ಬು ಕಡಿಯುವುದು ಶುರುವಾಗುವ ಮುಂಚಿನ ಬಿಡುವು ಸರಿಯಾದ ಸಮಯ. ಬಿಚ್ಚಿದ ದಿನಾಂಕ, ತಾಸಿನ ಮೀಟರಿನ ಅಂಕಿಯನ್ನು ಬರೆದಿಡಿ. ಮುಂದಿನ ವರ್ಷ ಬಿಚ್ಚಿದಾಗ ಮತ್ತೆ ಅಷ್ಟೇ ಪಸೆ, ಅಷ್ಟೇ ಕಿಟ್ಟ ಇದ್ದರೆ, ಜೊತೆಗೆ ನೀಲಿ ಹೊಗೆಯೂ ಕಂಡರೆ, ಕೆರೆದು ಪ್ರಯೋಜನವಿಲ್ಲ. ವಾಲ್ವ್ ಗೈಡು, ಪಿಸ್ಟನ್ ರಿಂಗುಗಳನ್ನು ಪರೀಕ್ಷಿಸಲು ಫಿಟ್ಟರನ್ನು ಕರೆಯಿರಿ.