ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವಾಗ

ಹೃದಯದ ಕವಾಟ ಬದಲಿಸಿಕೊಂಡವರು, ಹೃದಯ ಬಡಿತ ಏರುಪೇರಾಗುವ ತೊಂದರೆ ಇರುವವರು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಚಿಕಿತ್ಸೆ ಪಡೆದವರು ನಮ್ಮ ಸಮಾಜದ ಹಲವು ಮನೆಗಳಲ್ಲಿದ್ದಾರೆ. ಇವರಿಗೆ ವೈದ್ಯರು ಬರೆದುಕೊಡುವುದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ. ರೂಢಿಯಲ್ಲಿ ಇದನ್ನು ರಕ್ತ ತೆಳುವಾಗಿಸುವ ಮಾತ್ರೆ ಎನ್ನುತ್ತಾರೆ. ಇದೇ ವಯಸ್ಸಿನಲ್ಲಿ ಮಂಡಿನೋವಿಗೆಂದು ಕ್ಯಾಲ್ಸಿಯಂ, ಸುಸ್ತಿಗೆಂದು ಕಬ್ಬಿಣದ ಮಾತ್ರೆ, ಶಕ್ತಿಗೆಂದು ಮಲ್ಟಿವಿಟಮಿನ್ ಕೂಡ ಔಷಧದ ಡಬ್ಬಿ ಸೇರುತ್ತವೆ. ಮೊದಲನೆಯದು ವೈದ್ಯರು ಬರೆದದ್ದು. ಉಳಿದವು ಬಹುತೇಕ ಅಂಗಡಿಯಿಂದ ನೇರವಾಗಿ ಬಂದವು. ತೊಂದರೆ ಶುರುವಾಗುವುದೂ ಇಲ್ಲಿಂದಲೇ.

ಮೊದಲು ತಿಳಿಯಬೇಕಾದದ್ದು ಮನೆಯಲ್ಲಿರುವುದು ಯಾವ ಮಾತ್ರೆ ಎಂಬುದನ್ನು. ವಾರ್ಫರಿನ್ ಮತ್ತು ಅಸೆನೊಕೌಮರಾಲ್ ಹಳೆಯ ಬಗೆಯವು. ಯಕೃತ್ತಿನಲ್ಲಿ ವಿಟಮಿನ್ ಕೆ ಮಾಡುವ ಕೆಲಸಕ್ಕೆ ಇವು ತಡೆಯೊಡ್ಡುತ್ತವೆ. ಆಗಾಗ ಐಎನ್‌ಆರ್ ರಕ್ತಪರೀಕ್ಷೆ ಮಾಡಿಸಿ, ಸಾಮಾನ್ಯವಾಗಿ 2ರಿಂದ 3ರ ನಡುವೆ ಇರುವಂತೆ ನೋಡಿಕೊಳ್ಳುತ್ತಾರೆ. ಕೆಲವು ಕೃತಕ ಕವಾಟಗಳಿಗೆ ಇನ್ನೂ ತುಸು ಹೆಚ್ಚು ಬೇಕು. ರಿವರೊಕ್ಸಬಾನ್, ಅಪಿಕ್ಸಬಾನ್, ಡಾಬಿಗಾಟ್ರಾನ್ ಹೊಸ ಬಗೆಯವು. ಇವಕ್ಕೂ ವಿಟಮಿನ್ ಕೆಗೂ ಸಂಬಂಧವಿಲ್ಲ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಕೆಲಸ ಮಾಡುವ ರೀತಿಯೇ ಬೇರೆ.

ಕ್ಯಾಲ್ಸಿಯಂ ಎಂಬ ಖನಿಜ ವಾರ್ಫರಿನ್‌ಗೆ ನೇರವಾಗಿ ದೊಡ್ಡ ಅಡ್ಡಿ ಮಾಡುವುದಿಲ್ಲ. ಎಚ್ಚರ ಬೇಕಾದದ್ದು ಅದರ ಜೊತೆಗೆ ಸೇರಿಸಿರುವ ವಸ್ತುವಿನ ಬಗ್ಗೆ. ಈಗ ಮಾರಾಟವಾಗುವ ಎಷ್ಟೋ ಕ್ಯಾಲ್ಸಿಯಂ ಮಾತ್ರೆಗಳಲ್ಲಿ ಡಿ3 ಜೊತೆಗೆ ವಿಟಮಿನ್ ಕೆ2 ಇರುತ್ತದೆ. ಚೀಟಿಯ ಹಿಂಬದಿಯಲ್ಲಿ ಕೆ2-7 ಅಥವಾ ಎಂಕೆ-7 ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಹಳೆಯ ಬಗೆಯ ಮಾತ್ರೆ ನುಂಗುವವರಿಗೆ ಇದು ಅಲ್ಪ ಪ್ರಮಾಣದಲ್ಲಿದ್ದರೂ ಐಎನ್‌ಆರ್ ಇಳಿಸಬಲ್ಲದು. ಆಗ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟುವ, ಪಾರ್ಶ್ವವಾಯು ತಗಲುವ ಅಪಾಯ ಹೆಚ್ಚುತ್ತದೆ. ಅಂಗಡಿಯಲ್ಲಿ ಕ್ಯಾಲ್ಸಿಯಂ ಕೇಳುವಾಗಲೇ ಕೆ ಇಲ್ಲದ್ದನ್ನು ಕೊಡಿ ಎನ್ನಬೇಕು. ಈಗಾಗಲೇ ತಿಂಗಳುಗಟ್ಟಲೆ ಕೆ ಇರುವುದನ್ನೇ ನುಂಗುತ್ತಿದ್ದರೆ ಒಮ್ಮೆಲೇ ಬಿಡುವಂತಿಲ್ಲ. ಬಿಟ್ಟಾಗ ಐಎನ್‌ಆರ್ ಏರಬಹುದು, ಆದ್ದರಿಂದ ವೈದ್ಯರಿಗೆ ತಿಳಿಸಿ ಪರೀಕ್ಷೆಯೊಂದಿಗೆ ಬದಲಿಸಬೇಕು. ಅಂದಹಾಗೆ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಎಳ್ಳು, ಹಾಲು, ಮೊಸರೂ ಇವೆ. ಎಲ್ಲರಿಗೂ ಮಾತ್ರೆಯೇ ಬೇಕೆಂದೇನಿಲ್ಲ.

ಕಬ್ಬಿಣದ ವಿಷಯ ಇದಕ್ಕಿಂತ ಗಂಭೀರ. ಸಸ್ಯಾಹಾರಿಗಳಲ್ಲಿ, ಅದರಲ್ಲೂ ಹೆಂಗಸರಲ್ಲಿ, ರಕ್ತಹೀನತೆ ಕಂಡರೆ ಊಟದ ಕೊರತೆ ಎಂದುಕೊಂಡು ಕಬ್ಬಿಣದ ಮಾತ್ರೆ ತರುವುದು ರೂಢಿ. ಆದರೆ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರ ಹಿಮೋಗ್ಲೋಬಿನ್ ಇಳಿದರೆ, ಹೊಟ್ಟೆ ಅಥವಾ ಕರುಳಿನಲ್ಲಿ ಸದ್ದಿಲ್ಲದೆ ರಕ್ತ ಸೋರುತ್ತಿರಬಹುದು ಎಂದು ಮೊದಲು ಅನುಮಾನಿಸಬೇಕು. ಹಾಗೆ ರಕ್ತ ಸೋರಿದಾಗ ಮಲ ಟಾರಿನಂತೆ ಕಪ್ಪಾಗಿ, ಅಂಟಂಟಾಗಿ, ಕೆಟ್ಟ ವಾಸನೆಯಿಂದ ಕೂಡಿರುತ್ತದೆ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ. ಹಾಗಾಗಿ ಮಾತ್ರೆ ಶುರುವಾದ ಮೇಲೆ ಎಚ್ಚರಿಕೆಯ ಗುರುತೇ ಮುಚ್ಚಿಹೋಗುತ್ತದೆ. ಕಾರಣ ಪತ್ತೆಯಾಗುವ ಮೊದಲು ಕಬ್ಬಿಣ ಬೇಡ. ಬಿ12 ಕೊರತೆಗೆ ಸ್ನಾಯುವಿಗೆ ಇಂಜೆಕ್ಷನ್ ಹಾಕಿಸಿಕೊಳ್ಳುವವರೂ ತಾವು ಈ ಮಾತ್ರೆಯಲ್ಲಿದ್ದೇವೆ ಎಂದು ಮೊದಲೇ ಹೇಳಬೇಕು. ಚುಚ್ಚಿದ ಜಾಗದಲ್ಲಿ ಒಳಗೇ ರಕ್ತ ತುಂಬಿ ಗಡ್ಡೆಯಾಗುವುದುಂಟು. ಬಿ12 ಮಾತ್ರೆಯ ರೂಪದಲ್ಲೂ ಸಿಗುತ್ತದೆ.

ರಾತ್ರಿಭೋಜನ ತ್ಯಾಗ ಮಾಡಿದ ಶ್ರಾವಕ ಶ್ರಾವಿಕೆಯರಿಗೆ ಇನ್ನೊಂದು ಪೇಚು. ಎಲ್ಲ ಮಾತ್ರೆಯೂ ಹಗಲಿನೊಳಗೇ ಮುಗಿಯಬೇಕು. ಥೈರಾಯ್ಡ್ ಮಾತ್ರೆ ಮತ್ತು ಕಬ್ಬಿಣ, ಕ್ಯಾಲ್ಸಿಯಂಗಳ ನಡುವೆ ನಾಲ್ಕು ಗಂಟೆ ಅಂತರ ಬೇಕು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ನುಂಗಿದರೆ ಕಬ್ಬಿಣ ಸರಿಯಾಗಿ ಹೀರಿಕೆಯಾಗುವುದಿಲ್ಲ. ವಾರ್ಫರಿನ್ ಸಂಜೆ ಕೊಡುವುದು, ಅಂದಿನ ಐಎನ್‌ಆರ್ ನೋಡಿ ಪ್ರಮಾಣ ಬದಲಿಸಲು ಅನುಕೂಲವೆಂದು. ಕತ್ತಲಾದ ಮೇಲೆಯೇ ಆಗಬೇಕೆಂಬ ನಿಯಮವಿಲ್ಲ. ಸೂರ್ಯಾಸ್ತದ ಹೊತ್ತು ವರ್ಷವಿಡೀ ಬದಲಾಗುವುದರಿಂದ ಸಂಜೆ 5 ಗಂಟೆ ಎಂದು ಒಂದೇ ಸಮಯ ಇಟ್ಟುಕೊಂಡರೆ ಸಾಕು. ಅಪಿಕ್ಸಬಾನ್, ಡಾಬಿಗಾಟ್ರಾನ್ ದಿನಕ್ಕೆ ಎರಡು ಬಾರಿ, ಸುಮಾರು 12 ಗಂಟೆ ಅಂತರದಲ್ಲಿ ನುಂಗಬೇಕು. ರಾತ್ರಿ ನೀರನ್ನೂ ಬಿಟ್ಟವರು ಇದನ್ನು ವೈದ್ಯರಿಗೆ ಮೊದಲೇ ಹೇಳಿದರೆ, ದಿನಕ್ಕೊಂದೇ ಸಲ ನುಂಗುವ ಮಾತ್ರೆ ಆಗುತ್ತದೆಯೇ ಎಂದು ಅವರು ಯೋಚಿಸಬಹುದು. ತಪ್ಪಿಹೋದ ಮಾತ್ರೆಗೆ ಮರುದಿನ ಎರಡು ನುಂಗುವುದು ಮಾತ್ರ ಕೂಡದು.

ಚಾತುರ್ಮಾಸದಲ್ಲಿ ಹಲವು ಮನೆಗಳಲ್ಲಿ ಸೊಪ್ಪು ಬಿಡುತ್ತಾರೆ. ಹರಿವೆ, ಪಾಲಕ್, ನುಗ್ಗೆಸೊಪ್ಪು ವಿಟಮಿನ್ ಕೆಯ ಮುಖ್ಯ ಮೂಲಗಳು. ವರ್ಷವಿಡೀ ಸೊಪ್ಪು ತಿಂದವರು ನಾಲ್ಕು ತಿಂಗಳು ಪೂರ್ತಿ ಬಿಟ್ಟರೆ ವಾರ್ಫರಿನ್‌ನ ಪ್ರಭಾವ ಹೆಚ್ಚುತ್ತದೆ. ಕಾರ್ತಿಕ ಕಳೆದು ಮತ್ತೆ ಶುರುಮಾಡಿದಾಗ ಕುಗ್ಗುತ್ತದೆ. ಎರಡೂ ಸಂದರ್ಭಗಳಲ್ಲಿ ವಾರದೊಳಗೆ ಐಎನ್‌ಆರ್ ನೋಡಿಸುವುದು ಒಳ್ಳೆಯದು. ದಶಲಕ್ಷಣ ಪರ್ವದ ಸರಣಿ ಉಪವಾಸಗಳಲ್ಲೂ ಇದೇ ಮಾತು. ರಿವರೊಕ್ಸಬಾನ್‌ನ 15 ಮತ್ತು 20 ಮಿಲಿಗ್ರಾಂ ಮಾತ್ರೆ ಊಟದ ಜೊತೆಗೇ ಹೋಗಬೇಕು, ಬರಿಹೊಟ್ಟೆಯಲ್ಲಿ ಸರಿಯಾಗಿ ಹೀರಿಕೆಯಾಗದು. ಏಕಾಶನ ಮಾಡುವವರು ಆ ಒಂದು ಊಟದೊಂದಿಗೆ ನುಂಗಬಹುದು. ಪೂರ್ಣ ಉಪವಾಸಕ್ಕೆ ಮಾತ್ರ ವೈದ್ಯರನ್ನು ಕೇಳಿಯೇ ನಿಯಮ ತೆಗೆದುಕೊಳ್ಳಬೇಕು. ನೀರೂ ಇಲ್ಲದ ಉಪವಾಸ ಮೂತ್ರಪಿಂಡಕ್ಕೆ ಭಾರ. ಬಹುಪಾಲು ಮೂತ್ರಪಿಂಡದ ಮೂಲಕವೇ ಹೊರಹೋಗುವ ಡಾಬಿಗಾಟ್ರಾನ್ ಆಗ ದೇಹದಲ್ಲೇ ಉಳಿದು ರಕ್ತಸ್ರಾವಕ್ಕೆ ಕಾರಣವಾಗಬಹುದು.

ಕ್ಯಾಪ್ಸೂಲಿನ ಹೊದಿಕೆಯ ಪ್ರಶ್ನೆಯೂ ಇದೆ. ಜೆಲಾಟಿನ್ ಪ್ರಾಣಿಮೂಲದ್ದೆಂದು ಕೆಲವರು ಕ್ಯಾಪ್ಸೂಲ್ ಬಿಡಿಸಿ ಒಳಗಿನ ಪುಡಿಯನ್ನಷ್ಟೇ ನುಂಗುತ್ತಾರೆ. ಕೆಲವು ಪೂರಕಗಳಿಗೆ ಇದು ನಡೆದೀತು, ಡಾಬಿಗಾಟ್ರಾನ್‌ಗೆ ನಡೆಯದು. ಹೊದಿಕೆ ತೆಗೆದರೆ ರಕ್ತಕ್ಕೆ ಸೇರುವ ಔಷಧ ಸುಮಾರು ಶೇ. 75ರಷ್ಟು ಹೆಚ್ಚುತ್ತದೆ. ಸಸ್ಯಮೂಲದ ಹೊದಿಕೆಯ ಕ್ಯಾಪ್ಸೂಲ್‌ಗಳೂ ಮಾರುಕಟ್ಟೆಯಲ್ಲಿವೆ. ಯಾವ ಕಂಪನಿಯದಕ್ಕೆ ಯಾವ ಹೊದಿಕೆ ಎಂದು ಔಷಧ ಅಂಗಡಿಯವರನ್ನು ಕೇಳಿ ತಿಳಿದುಕೊಳ್ಳಬಹುದು.