ಅಡ್ಡ ಪರದೆ, ಉದ್ದ ಪುಟ

“ತಮ್ಮಾ, ಇದು ಯಾರ ಹೊಲಾನೋ? ನಮ್ಮದಂತೂ ಅಲ್ಲ.”

ಮನಗೂಳಿಯ ನನ್ನ ಡಿಟಿಪಿ ಅಂಗಡಿಯ ಕಟ್ಟೆ ಏರಿ ಬಂದ ಕಾಕಾ ಒಬ್ಬರ ಕೈಯಲ್ಲಿ ನಾನೇ ಹೊಡೆದುಕೊಟ್ಟ ಅರ್ಜಿಯ ಪ್ರಿಂಟ್ ಇತ್ತು. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಸರ್ವೆ ನಂಬರು 214. ನಾನು ಹೊಡೆದದ್ದು 241. ಅವರ ಹೊಲ ಯಾರದೋ ಬದುವಿನಾಚೆ ಹೋಗಿ ಕೂತಿತ್ತು. ಕಾಕಾ ಬೈಯಲಿಲ್ಲ, ಚಹಾ ತರಿಸು ಅಂದರು. ಆದರೆ ಅವರ ಎರಡು ದಿನದ ಕೆಲಸ, ಬಸ್ಸಿನ ರೊಕ್ಕ ನನ್ನಿಂದಾಗಿ ಹಾಳಾಗಿತ್ತು.

ಆಗ ನನ್ನ ಮುಂದಿದ್ದದ್ದು ಒಂದೇ ಪರದೆ. ಉತಾರದ ಪಿಡಿಎಫ್ ಒಂದು ಕಿಟಕಿಯಲ್ಲಿ, ಅರ್ಜಿ ಇನ್ನೊಂದರಲ್ಲಿ. ಆಲ್ಟ್–ಟ್ಯಾಬ್ ಒತ್ತಿ ಅಂಕಿ ನೋಡಬೇಕು, ಬಾಯಲ್ಲಿ ಅನ್ನುತ್ತಲೇ ವಾಪಸ್ ಬಂದು ಹೊಡೆಯಬೇಕು. ನಡುವೆ ಯಾರಾದರೂ “ಝೆರಾಕ್ಸ್ ಎಷ್ಟರೀ?” ಅಂದರೆ ಮುಗೀತು. ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲೇ ಬರೆದಿದ್ದರು: ನಮ್ಮ ತಲೆ ಒಮ್ಮೆಲೆ ಹಿಡಿದಿಡುವುದು ಏಳು ಸಂಗತಿ, ಹೆಚ್ಚೆಂದರೆ ಎರಡು ಆಚೆ, ಎರಡು ಈಚೆ. ಆಮೇಲಿನವರು ಅದನ್ನು ನಾಲ್ಕರ ಹತ್ತಿರಕ್ಕೆ ಇಳಿಸಿದರು. ಆಧಾರ್ ನಂಬರು 12 ಅಂಕಿ. ಕಾರ್ಡಿನ ಮೇಲೆ ಅದನ್ನು ನಾಲ್ಕು ನಾಲ್ಕಾಗಿ ಬಿಡಿಸಿ ಬರೆದಿರುವುದು ನನ್ನಂಥವರ ಪುಣ್ಯ.

ಮುಂದಿನ ವಾರ ವಿಜಯಪುರಕ್ಕೆ ಹೋಗಿ 2,200 ರೂಪಾಯಿಗೆ 22 ಇಂಚಿನ ಹಳೇ ಮಾನಿಟರ್ ತಂದೆ. ಸಿಪಿಯು ಬೆನ್ನಿಗೆ ವಿಜಿಎ, ಎಚ್‌ಡಿಎಂಐ ಎರಡೂ ತೂತು ಇದ್ದವು. ಅದರಲ್ಲೊಂದು ವರ್ಷಗಟ್ಟಲೆ ಖಾಲಿ ಕೂತು ಧೂಳು ತಿಂದಿತ್ತು. ಮೊದಲ ದಿನ ಎರಡೂ ಪರದೆಯಲ್ಲಿ ಅದೇ ಚಿತ್ರ ಬಂತು, ದುಡ್ಡು ನೀರಿಗೆ ಹೋಯಿತು ಅಂದುಕೊಂಡೆ. ವಿಂಡೋಸ್ ಕೀ ಜೊತೆ ಪಿ ಒತ್ತಿ ‘ಡುಪ್ಲಿಕೇಟ್’ ಬಿಟ್ಟು ‘ಎಕ್ಸ್‌ಟೆಂಡ್’ ಆರಿಸಬೇಕು ಅನ್ನುವುದು ತಿಳಿದದ್ದು ಸಂಜೆಗೆ. ಈಗ ಉತಾರ ಎಡಕ್ಕೆ, ಅರ್ಜಿ ಬಲಕ್ಕೆ. ಅಂಕಿಯನ್ನು ತಲೆಯಲ್ಲಿ ಹೊತ್ತು ತಿರುಗುವ ಕೆಲಸವೇ ಇಲ್ಲ, ಕಣ್ಣು ಹೊರಳಿಸಿದರೆ ಸಾಕು. ಬೆರಳಿನ ವೇಗ ಮೊದಲಿನಷ್ಟೇ ಇದೆ.

ಪರದೆಯ ಆಕಾರದ ಮಾತು ಬೇರೆ. ಇವತ್ತಿನ ಪರದೆಗಳೆಲ್ಲ ಸಿನಿಮಾಕ್ಕೆ ಹೇಳಿ ಮಾಡಿಸಿದ ಹಾಗೆ ಅಡ್ಡಡ್ಡ. ನಮ್ಮ ಕೆಲಸವೆಲ್ಲ ಉದ್ದನೆಯ ಹಾಳೆಯದು. ಮೇಲಾಗಿ ಕನ್ನಡದ ಅಕ್ಷರಕ್ಕೆ ತಲೆ ಮೇಲೆ ಗುಣಿಸು, ಕಾಲ ಕೆಳಗೆ ಒತ್ತು. ಎರಡು ಸಾಲಿನ ನಡುವೆ ಜಾಗ ಹೆಚ್ಚು ಬೇಕು. ಎ4 ಹಾಳೆಯನ್ನು ನೂರಕ್ಕೆ ನೂರು ಅಳತೆಯಲ್ಲಿ ತೋರಿಸಲು ಮೇಲಿಂದ ಕೆಳಗೆ ಸುಮಾರು 1,120 ಚುಕ್ಕಿ (ಪಿಕ್ಸೆಲ್) ಬೇಕು. ನನ್ನ ಹಳೆಯ ಪರದೆಯ ಎತ್ತರ 768, ಹೊಸದರದ್ದು 1080. ಎರಡರಲ್ಲೂ ಪುಟ ಹಿಡಿಸದು. ಕುಗ್ಗಿಸಿದರೆ ಸಿದ್ದಪ್ಪ ಯಾವುದು, ಸಿದ್ಧಪ್ಪ ಯಾವುದು ತಿಳಿಯುವುದಿಲ್ಲ. ಆಧಾರಿನಲ್ಲಿ ಒಂದು, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಆಗಿ ಅಲೆದಾಡುವವರನ್ನು ದಿನಾ ನೋಡುತ್ತೇನೆ.

ಅದಕ್ಕೇ ಊರಿನ ಬಡಿಗೇರರಿಂದ ಕಟ್ಟಿಗೆಯ ಚೌಕಟ್ಟು ಮಾಡಿಸಿ ಹೊಸ ಪರದೆಯನ್ನು ಉದ್ದಕ್ಕೆ ನಿಲ್ಲಿಸಿದೆ. ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ‘ಪೋರ್ಟ್ರೇಟ್’ ಆರಿಸಿದರೆ ಎತ್ತರ 1920 ಚುಕ್ಕಿ. ಇಡೀ ಪುಟ ಕೂತು ಇನ್ನೂ ಜಾಗ ಉಳಿಯಿತು. ಇದೇನು ನನ್ನ ಶೋಧವಲ್ಲ. ಅಮೆರಿಕದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ 1973ರಲ್ಲಿ ಕಟ್ಟಿದ ಆಲ್ಟೊ ಕಂಪ್ಯೂಟರಿನ ಪರದೆ ಕಾಗದದ ಹಾಗೆ ಉದ್ದಕ್ಕೇ ನಿಂತಿತ್ತು. ನಾವೇ ಹಾದಿ ತಪ್ಪಿ ಅಡ್ಡ ತಿರುಗಿದೆವು.

ತಂತ್ರಾಂಶದಲ್ಲೂ ಕೆಲಸ ಉಳಿಸುವುದು ಸಣ್ಣ ಸಣ್ಣ ಸಂಗತಿಗಳೇ. ಕೆ.ಪಿ. ರಾವ್ ಅವರು ರೂಪಿಸಿದ, ‘ನುಡಿ’ ತಂತ್ರಾಂಶದಲ್ಲಿರುವ ಕನ್ನಡ ಕೀಲಿ ವಿನ್ಯಾಸವನ್ನೇ ನೋಡಿ. ಇಂಗ್ಲಿಷಿನ 26 ಅಕ್ಷರದ ಕೀಗಳಲ್ಲೇ ಕನ್ನಡವೆಲ್ಲ ಮುಗಿಯುತ್ತದೆ, ಒತ್ತಕ್ಷರ ಜೋಡಿಸಲು ಎಫ್ ಒಂದೇ ಸಾಕು. ಕೈ ಪಳಗಿದ ಮೇಲೆ ಕೀಲಿಮಣೆ ನೋಡುವುದೇ ಬೇಡ. ಹಳೆಯ ನುಡಿ ಫಾಂಟಿನ ಕಡತವನ್ನು ಯುನಿಕೋಡಿಗೆ ಬದಲಿಸುವಾಗ ಮಾತ್ರ ಎರಡು ಪರದೆಯಿಲ್ಲದೆ ಈಗ ನನಗೆ ಕೈಯೇ ಓಡುವುದಿಲ್ಲ. ಆ ಫಾಂಟಿನಲ್ಲಿ ‘ಕ’ ಅನ್ನುವುದು ಒಳಗೊಳಗೆ ಇಂಗ್ಲಿಷಿನ ದೊಡ್ಡ ಪಿ, ಅದರ ಪಕ್ಕ ತಲೆಯ ಮೇಲೆ ಗೀಟು ಹೊತ್ತ ಎ. ಬದಲಿಸುವಾಗ ಅರ್ಕಾವತ್ತು ಎಲ್ಲೆಲ್ಲೋ ಹಾರಿ ಕೂರುತ್ತದೆ. ಹಳೆಯದು ಒಂದು ಪರದೆಯಲ್ಲಿ, ಹೊಸದು ಪಕ್ಕದಲ್ಲಿ ಇಟ್ಟು ಸಾಲು ಸಾಲು ತಾಳೆ ನೋಡಬೇಕು.

ಇನ್ನೊಂದು ಹೇಳಲೇಬೇಕು: ವಿಂಡೋಸ್ ಕೀ ಮತ್ತು ವಿ. ಇದು 2018ರಲ್ಲಿ ವಿಂಡೋಸ್ 10ಕ್ಕೆ ಬಂತು. ಕಾಪಿ ಮಾಡಿದ ಇತ್ತೀಚಿನ 25 ತುಣುಕುಗಳು ಪಟ್ಟಿಯಾಗಿ ಕೂತಿರುತ್ತವೆ. ಹೆಸರು, ವಿಳಾಸ, ಖಾತೆ ನಂಬರು ಎಲ್ಲ ಒಮ್ಮೆಲೆ ಎತ್ತಿಕೊಂಡು ಬೇಕಾದಲ್ಲಿ ಇಳಿಸಬಹುದು. ಆದರೆ ಒಬ್ಬರ ಆಧಾರ್ ಮುಂದಿನವರ ಅರ್ಜಿ ತುಂಬುವಾಗಲೂ ಅಲ್ಲೇ ಇಣುಕುತ್ತದೆ. ಗಿರಾಕಿ ಕಟ್ಟೆ ಇಳಿಯುವ ಮೊದಲೇ ‘ಕ್ಲಿಯರ್ ಆಲ್’ ಒತ್ತುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ಜಾಗ ಹೆಚ್ಚಾದರೆ ಕೆಲಸವೂ ಹೆಚ್ಚಾಗುತ್ತದೆ ಅನ್ನುವುದು ಅರ್ಧ ಸುಳ್ಳು. ಸ್ವಲ್ಪ ದಿನ ಎರಡನೇ ಪರದೆಯಲ್ಲಿ ವಾಟ್ಸ್ಆ್ಯಪ್ ತೆರೆದಿಟ್ಟಿದ್ದೆ. ಸೋದರಳಿಯನ ಹುಟ್ಟುಹಬ್ಬದ ಫೋಟೋ, ಉಳ್ಳಾಗಡ್ಡಿ ರೇಟು, ಯಾರದೋ ಶುಭೋದಯ. ಪರದೆಯ ಮುಂದಿನ ಗಮನವನ್ನು ಅಳೆದ ಗ್ಲೋರಿಯಾ ಮಾರ್ಕ್ ಎಂಬ ಸಂಶೋಧಕಿ ಹೇಳುವ ಪ್ರಕಾರ, 2004ರ ಸುಮಾರಿಗೆ ಜನ ಒಂದು ಪರದೆಯ ಮೇಲೆ ಸರಾಸರಿ ಎರಡೂವರೆ ನಿಮಿಷ ನಿಲ್ಲುತ್ತಿದ್ದರು, ಇತ್ತೀಚೆಗೆ ಅದು 47 ಸೆಕೆಂಡು. ನನ್ನದು ಅದಕ್ಕೂ ಕಡಿಮೆ ಇತ್ತೇನೋ. ವಾಟ್ಸ್ಆ್ಯಪನ್ನು ಫೋನಿಗೇ ಅಟ್ಟಿದೆ.

ಅಗ್ಗದ ಪರದೆಗೆ ಒಂದು ಐಬು. ಉದ್ದಕ್ಕೆ ನಿಲ್ಲಿಸಿದರೆ ಪಕ್ಕದಿಂದ ನೋಡುವವರಿಗೆ ಮಬ್ಬು. ಹಾಗಾಗಿ ಪ್ರೂಫ್ ತೋರಿಸುವಾಗ ಚೌಕಟ್ಟನ್ನೇ ಗಿರಾಕಿಯ ಕಡೆ ತಿರುಗಿಸತೊಡಗಿದೆ. ಎರಡನೇ ಪರದೆಯ ನಿಜವಾದ ಉಪಯೋಗ ಗೊತ್ತಾದದ್ದು ಆಗ. ನನಗೆ ಕಾಣದ ತಪ್ಪು ಅವರಿಗೆ ಥಟ್ಟನೆ ಕಾಣುತ್ತದೆ, ಹೆಸರು ಅವರದಲ್ಲವೇ! ಒಂದೊಂದು ಕೆಲಸಕ್ಕೆ ಹಿಡಿಯುವ ಹೊತ್ತು ಹೆಚ್ಚಾಯಿತು, ವಾಪಸ್ ಬರುವವರು ಕಡಿಮೆಯಾದರು.

ಲಗ್ನಪತ್ರಿಕೆಯಾದರೆ ಕೇಳಲೇಬೇಡಿ. ಮೊನ್ನೆ ಒಂದೇ ಮನೆಯ ಆರು ಮಂದಿ ಪರದೆ ಮುಂದೆ ಕೂತಿದ್ದರು. ‘ಸುಖಾಗಮನ ಬಯಸುವವರು’ ಸಾಲಿಗೆ ಬಂದಾಗ ಜಗಳ ಶುರು.

“ದೊಡ್ಡಪ್ಪನ ಹೆಸರ ಮ್ಯಾಲ ತಗೋರಿ.”

“ಬ್ಯಾಡ ಬಿಡೋ, ಅಂವಾ ಬರಂಗಿಲ್ಲಂತ.”

ಮೂಲೆಯಲ್ಲಿದ್ದ ಅಜ್ಜಿ ಎದ್ದು ಬಂದು ಪರದೆಗೆ ಮೂಗು ತಾಗಿಸಿದರು. “ನನ್ನ ಹೆಸರ ಎಲ್ಲೈತೋ ಯಪ್ಪಾ?” ತೋರಿಸಿದೆ. “ಇಷ್ಟ ಸಣ್ಣದ?” ಕಂಟ್ರೋಲ್ ಒತ್ತಿ ಮೌಸಿನ ಗಾಲಿ ತಿರುಗಿಸಿ 200ಕ್ಕೆ ಏರಿಸಿದೆ.

“ಹಾಂ. ಕಾರ್ಡಿನ್ಯಾಗ ಹಿಂಗ ಹಾಕು.”

ಎರಡು ಪಾಯಿಂಟ್ ದೊಡ್ಡದು ಮಾಡಿ ಪ್ರಿಂಟ್ ಕೊಟ್ಟೆ.