ಮರೆತ ಪಾಸ್‌ವರ್ಡನ್ನು ಸರ್ವರ್ ಏಕೆ ಹೇಳುವುದಿಲ್ಲ?

ಪ್ರಶ್ನೆ: ಪಾಸ್‌ವರ್ಡ್ ಮರೆತೆವೆಂದರೆ ಹಳೆಯದನ್ನು ತಿಳಿಸದೆ, ಹೊಸದನ್ನು ಇಟ್ಟುಕೊಳ್ಳಿ ಎನ್ನುತ್ತಾರಲ್ಲ, ಏಕೆ?

ಉತ್ತರ: ಸರಿಯಾಗಿ ನಡೆಸುವ ಸರ್ವರ್‌ಗೆ ನಿಮ್ಮ ಹಳೆಯ ಪಾಸ್‌ವರ್ಡ್ ಗೊತ್ತೇ ಇರುವುದಿಲ್ಲ! ನೀವು ಕೊಟ್ಟದ್ದನ್ನು ಅದು ಹ್ಯಾಷ್ ಎಂಬ ಲೆಕ್ಕಾಚಾರಕ್ಕೆ ಹಾಕಿ, ಬಂದ ಉತ್ತರವನ್ನಷ್ಟೇ ಬರೆದಿಡುತ್ತದೆ. ಬೀಸಿದ ಹಿಟ್ಟಿನಿಂದ ರಾಗಿಕಾಳು ಮರಳಿ ಸಿಗದಂತೆ, ಆ ಉತ್ತರದಿಂದ ಪಾಸ್‌ವರ್ಡ್ ಹೊರಡದು. ಮುಂದೆ ಲಾಗಿನ್ ಆದಾಗ ಅದೇ ಲೆಕ್ಕ ಮತ್ತೆ ಮಾಡಿ ತಾಳೆ ನೋಡುತ್ತದೆ, ಅಷ್ಟೆ.

ಇದು ಪೆಟ್ಟು ತಿಂದು ಕಲಿತ ಎಚ್ಚರ. 1960ರ ದಶಕದಲ್ಲಿ ಅಮೆರಿಕದ ಎಂಐಟಿಯ ಸಿಟಿಎಸ್‌ಎಸ್ ವ್ಯವಸ್ಥೆಯಲ್ಲಿ ಪಾಸ್‌ವರ್ಡ್‌ಗಳು ಇದ್ದ ಹಾಗೆಯೇ ಒಂದು ಫೈಲ್‌ನಲ್ಲಿದ್ದವು. ಒಮ್ಮೆ ಎರಡು ಫೈಲ್‌ಗಳು ಅದಲುಬದಲಾಗಿ, ದಿನದ ಸೂಚನೆ ಬರಬೇಕಾದ ಕಡೆ ಎಲ್ಲರ ಪಾಸ್‌ವರ್ಡ್ ಪಟ್ಟಿಯೇ ಲಾಗಿನ್ ಆದವರ ಕಣ್ಣಿಗೆ ಬಿತ್ತು.

ಹ್ಯಾಷ್ ಒಂದೇ ಸಾಲದು. ಸಾಮಾನ್ಯ ಪಾಸ್‌ವರ್ಡ್‌ಗಳ ಹ್ಯಾಷ್‌ಗಳನ್ನು ಕಳ್ಳರು ಮೊದಲೇ ಲೆಕ್ಕ ಹಾಕಿಟ್ಟುಕೊಂಡಿರುತ್ತಾರೆ. ಅದಕ್ಕೇ 1979ರಲ್ಲಿ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಯುನಿಕ್ಸ್ ಕುರಿತ ಪ್ರಬಂಧದಲ್ಲಿ ‘ಸಾಲ್ಟ್’ ವಿವರಿಸಿದರು: ಪ್ರತಿ ಖಾತೆಗೂ ಗೊತ್ತುಗುರಿಯಿಲ್ಲದೆ ಆರಿಸಿದ ಸಂಖ್ಯೆಯೊಂದನ್ನು ಬೆರೆಸುವುದು. ಆಗ ಇಬ್ಬರ ಪಾಸ್‌ವರ್ಡ್ ಒಂದೇ ಆದರೂ ದಾಖಲೆ ಬೇರೆಯಾಗುತ್ತದೆ. ಇಷ್ಟು ಹಳೆಯ ಪಾಠವಿದ್ದರೂ 2012ರಲ್ಲಿ ಲಿಂಕ್ಡ್‌ಇನ್‌ನಿಂದ ಸೋರಿದ ಲಕ್ಷಾಂತರ ಹ್ಯಾಷ್‌ಗಳಿಗೆ ಸಾಲ್ಟ್ ಇರಲಿಲ್ಲ. ಇದು ನನಗೆ ಅಕ್ಷಮ್ಯವೆನಿಸುತ್ತದೆ. ಇಂದಿನ ಬಿಕ್ರಿಪ್ಟ್, ಆರ್ಗಾನ್2 ವಿಧಾನಗಳು ಬೇಕೆಂದೇ ನಿಧಾನ. ಒಂದೊಂದು ಊಹೆಗೂ ಕಳ್ಳನಿಗೆ ಹೊತ್ತು ಹಿಡಿಯಲಿ ಎಂದು.

ಯಾವುದಾದರೂ ತಾಣ ಹಳೆಯ ಪಾಸ್‌ವರ್ಡನ್ನೇ ಇಮೇಲ್‌ನಲ್ಲಿ ಕಳಿಸಿದರೆ, ಅದನ್ನೇ ಬಳಸಿರುವ ನಿಮ್ಮ ಉಳಿದ ಖಾತೆಗಳಲ್ಲೆಲ್ಲ ಅಂದೇ ಬದಲಿಸಿ.